ಆಯಿಲ್ ಬದಲಿಸುವ ಮುಂಚೆ ಧೂಳು ಒರೆಸಿ

ನಮ್ಮ ವಿಜಯಪುರದಲ್ಲಿ ಈಗ ಯಾವ ಓಣಿಗೆ ಹೋದರೂ ಚಿಕ್ಕ ಎಸ್‌ಯುವಿಗಳೇ. ಸಾಲ ಮಾಡಿ ತಂದಿರುತ್ತಾರೆ. ಸೀಟಿಗೆ ಹೊಸ ಕವರ್, ಡ್ಯಾಶ್‌ಬೋರ್ಡ್ ಮೇಲೆ ಗಣಪತಿ, ಹಿಂದಿನ ಗಾಜಿನ ಮೇಲೆ ಮನೆತನದ ಹೆಸರು, ಎಲ್ಲಾ ಇರುತ್ತದೆ. ಬಾನೆಟ್ ಎತ್ತಿ ಆಯಿಲ್ ಮಟ್ಟ ನೋಡುವ ಗೇಜ್ ಕಡ್ಡಿ ತೋರಿಸಪ್ಪಾ ಅಂದರೆ ಮಾತ್ರ ಹುಡುಕಾಡುತ್ತಾರೆ. ಕೆಲವರು ಇನ್ನೂ ಮುಂದೆ ಹೋಗಿ ಮೊಬೈಲ್‌ನಲ್ಲಿ ವಿಡಿಯೊ ನೋಡಿಕೊಂಡು ಮನೆ ಮುಂದೆ ತಾವೇ ಆಯಿಲ್ ಬದಲಿಸಲು ಕೂರುತ್ತಾರೆ. ಕಲಿಯಲಿ, ಬೇಡ ಅನ್ನುವುದಿಲ್ಲ. ಆದರೆ ಗಾಳಿ ಬೀಸುವ ಹೊತ್ತಿನಲ್ಲಿ ಮಣ್ಣು ರಸ್ತೆಯ ಪಕ್ಕ ಇಂಜಿನ್ನಿನ ಮುಚ್ಚಳ ಬಿಚ್ಚಿಟ್ಟು ಫೋನ್‌ನಲ್ಲಿ ಮಾತಾಡುತ್ತಾ ನಿಲ್ಲುವುದನ್ನು ನೋಡಿದರೆ ನನಗೆ ತಡೆಯಲು ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ಮೊದಲು ಜೀಪ್ ಇತ್ತು. ತಿಕೋಟಾ ಕಡೆ ದ್ರಾಕ್ಷಿ ತೋಟ. ತೋಟಕ್ಕೆ ಹೋಗುವ ದಾರಿಯಲ್ಲಿ ಬೇಸಿಗೆಯಲ್ಲಿ ಮೊಣಕಾಲುದ್ದ ಧೂಳು ಏಳುತ್ತಿತ್ತು. ಜೀಪಿನ ಕೆಲಸಕ್ಕೆ ಮನೆಗೇ ಬರುತ್ತಿದ್ದ ಮೇಸ್ತ್ರಿಗೆ ಪಾನಾ ಎತ್ತಿ ಕೊಡುವುದು ನನ್ನ ಪಾಲಿಗೆ ಬಂದಿತ್ತು. ನಮ್ಮನೆಯವರಿಗೆ ತಾಳ್ಮೆ ಕಡಿಮೆ, ಅರ್ಧಕ್ಕೇ ಎದ್ದು ತೋಟಕ್ಕೆ ಹೋಗಿಬಿಡುತ್ತಿದ್ದರು. ನಾನು ಕೂತು ನೋಡಿ ಕಲಿತೆ. ಆ ಮೇಸ್ತ್ರಿ ಒಂದು ಮಾತು ಯಾವಾಗಲೂ ಹೇಳುತ್ತಿದ್ದರು: "ವೈನಿ, ಇಂಜಿನ್ನಿಗೆ ಶತ್ರು ಬಿಸಿಲಲ್ರಿ, ಮಣ್ಣು."

ಮೊದಲು ಯಾವ ಆಯಿಲ್ ಅನ್ನುವುದು. ಗ್ಲೋವ್ ಬಾಕ್ಸ್‌ನಲ್ಲಿ ಗಾಡಿಯ ಪುಸ್ತಕ ಇದೆ. ಅದನ್ನು ತೆಗೆಯಿರಿ. ಅಂಗಡಿಯವನನ್ನು ಕೇಳಬೇಡಿ, ಗೆಳೆಯನನ್ನು ಕೇಳಬೇಡಿ. ಪೆಟ್ರೋಲ್ ಗಾಡಿಗೆ ಒಂದು, ಡೀಸೆಲ್‌ಗೆ ಒಂದು, ಟರ್ಬೊ ಇದ್ದರೆ ಇನ್ನೊಂದು. ಒಂದೇ ಹೆಸರಿನ ಗಾಡಿಯಲ್ಲೇ ಎರಡು ಮೂರು ಥರದ ಇಂಜಿನ್ ಬರುತ್ತವೆ. ಪಕ್ಕದ ಮನೆಯವರದೂ ಅದೇ ಗಾಡಿ ಅಂತ ಅದೇ ಆಯಿಲ್ ತಂದು ಸುರಿದರೆ ಹೇಗೆ?

ಈ ಊರಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು. ನಮ್ಮ ಕಡೆ ಬಿಸಿಲು ಜಾಸ್ತಿ, ತೆಳು ಆಯಿಲ್ ನೀರಾಗಿ ಹೋಗುತ್ತದೆ, ದಪ್ಪದ್ದು ಹಾಕಿಸಿ. ಬಿಸಿಲು ಜಾಸ್ತಿ ಹೌದು, ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಆದರೆ ಓಡಿ ಕಾದ ಇಂಜಿನ್ನಿನಲ್ಲಿ ಕೂಲಂಟ್ 90 ಡಿಗ್ರಿ ಆಸುಪಾಸು ಇರುತ್ತದೆ. ಆಯಿಲ್ ಎಷ್ಟೋ ಸಲ ಅದಕ್ಕಿಂತಲೂ ಬಿಸಿ. ಹೊರಗೆ 20 ಇರಲಿ, 42 ಇರಲಿ, ಒಳಗಿನ ಲೆಕ್ಕ ಹೆಚ್ಚುಕಡಿಮೆ ಅದೇ. 5ಡಬ್ಲ್ಯು-30 ಅಂತ ಡಬ್ಬಿಯ ಮೇಲೆ ಗ್ರೇಡ್ ಇರುತ್ತದಲ್ಲ, ಅದರಲ್ಲಿ 30 ಅನ್ನುವುದು 100 ಡಿಗ್ರಿಯಲ್ಲಿ ಆಯಿಲ್ ಎಷ್ಟು ದಪ್ಪ ಅಂತ ಅಳೆದು ಕೊಟ್ಟ ಅಂಕಿ. ಮುಂದಿರುವ 5ಡಬ್ಲ್ಯು ಚಳಿಯಲ್ಲಿ ಸ್ಟಾರ್ಟ್ ಮಾಡುವಾಗಿನ ಗುಣ. ಈಗಿನ ಇಂಜಿನ್ನುಗಳ ಒಳಗಿನ ಸಂದುಗಳು ಸಣ್ಣವು. ವಾಲ್ವ್ ತೆರೆದು ಮುಚ್ಚುವ ಹೊತ್ತು ಬದಲಿಸುವ ಕೆಲಸವನ್ನೂ ಆಯಿಲ್ ಒತ್ತಡದಿಂದಲೇ ಮಾಡಿಸುತ್ತಾರೆ. ಅದಕ್ಕೇ 0ಡಬ್ಲ್ಯು-16, 0ಡಬ್ಲ್ಯು-20 ಅಂತ ತೆಳು ಆಯಿಲ್ ಕೇಳುವ ಪೆಟ್ರೋಲ್ ಗಾಡಿಗಳು ಬಂದಿವೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ದಪ್ಪ ಆಯಿಲ್ ಮೇಲಕ್ಕೆ ಹತ್ತಲು ಹೊತ್ತು ತಗೊಳ್ಳುತ್ತದೆ, ಮೈಲೇಜೂ ಕುಸಿಯುತ್ತದೆ. ಕೆಲವು ಪುಸ್ತಕಗಳಲ್ಲಿ ಹೊರಗಿನ ಬಿಸಿಗೆ ತಕ್ಕಂತೆ ಎರಡು ಮೂರು ಗ್ರೇಡ್ ಕೊಟ್ಟಿರುತ್ತಾರೆ. ಇದ್ದರೆ ಅದರೊಳಗೇ ಆರಿಸಿ. ಇಲ್ಲದ್ದನ್ನು ತರಬೇಡಿ.

ಗ್ರೇಡ್ ಒಂದೇ ನೋಡಿದರೆ ಸಾಲದು. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಎಪಿಐ ಎಸ್‌ಎನ್, ಎಸ್‌ಪಿ ಅಂತ ಗುಣಮಟ್ಟದ ದರ್ಜೆ ಬರೆದಿರುತ್ತದೆ. ಎಸ್‌ಪಿ 2020ರಲ್ಲಿ ಬಂದದ್ದು. ಟರ್ಬೊ ಪೆಟ್ರೋಲ್ ಗಾಡಿಗಳಲ್ಲಿ ನಿಧಾನ ಹೋಗುವಾಗ ಒಮ್ಮೆಲೇ ಎಕ್ಸಲರೇಟರ್ ಒತ್ತಿದರೆ, ಕಿಡಿ ಬೀಳುವ ಮುಂಚೆಯೇ ಒಳಗೆ ಹೊತ್ತಿಕೊಂಡು ಪಿಸ್ಟನ್‌ಗೆ ಪೆಟ್ಟು ಬೀಳುವ ತೊಂದರೆ ಉಂಟು. ಎಸ್‌ಪಿ ಆಯಿಲ್‌ನಲ್ಲಿ ಅದನ್ನೂ ಲೆಕ್ಕಕ್ಕೆ ತಗೊಂಡಿದ್ದಾರೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಡೀಸೆಲ್ ಗಾಡಿಯಾದರೆ ಹೊಗೆ ಪೈಪಿನಲ್ಲಿ ಮಸಿ ಹಿಡಿಯುವ ಡಿಪಿಎಫ್ ಅನ್ನುವ ಫಿಲ್ಟರ್ ಇರುತ್ತದೆ. ಅಂಥ ಗಾಡಿಗೆ ಬೂದಿ ಕಡಿಮೆ ಬಿಡುವ ಆಯಿಲ್ ಬೇಕು, ಪುಸ್ತಕದಲ್ಲಿ ಎಸಿಇಎ (ACEA) ಸಿ2 ಅಥವಾ ಸಿ3 ಅಂತ ಬರೆದಿರಬಹುದು. ಟ್ರ್ಯಾಕ್ಟರ್‌ಗೆ ತಂದ ಡಬ್ಬಿಯಲ್ಲಿ ಉಳಿದಿದೆ ಅಂತ ಇದಕ್ಕೆ ಸುರಿದರೆ ಆ ಬೂದಿ ಡಿಪಿಎಫ್‌ನಲ್ಲಿ ಕೂರುತ್ತದೆ. ಮಸಿಯಾದರೆ ಸುಟ್ಟು ಹೋಗುತ್ತದೆ, ಬೂದಿ ಸುಡುವುದಿಲ್ಲ. ಹಾಗೆಯೇ ಕಾರಿಗೆ ತಂದು ಉಳಿದದ್ದನ್ನು ಬೈಕಿಗೂ ಹಾಕಬೇಡಿ. ಹೆಚ್ಚಿನ ಬೈಕುಗಳಲ್ಲಿ ಕ್ಲಚ್ ಅದೇ ಆಯಿಲ್‌ನಲ್ಲಿ ಮುಳುಗಿರುತ್ತದೆ, ಕಾರಿನ ಆಯಿಲ್ ಹಾಕಿದರೆ ಜಾರಬಹುದು. ಬ್ರ್ಯಾಂಡ್ ವಿಷಯದಲ್ಲಿ ನನಗೆ ಹಟವಿಲ್ಲ. ಪುಸ್ತಕದಲ್ಲಿ ಇದ್ದದ್ದು ಡಬ್ಬಿಯ ಮೇಲೂ ಇರಬೇಕು, ಸೀಲ್ ಗಟ್ಟಿ ಇರಬೇಕು, ಬಿಲ್ ಕೊಡುವ ಅಂಗಡಿಯಾಗಿರಬೇಕು. ಇನ್ನೂರು ರೂಪಾಯಿ ಕಡಿಮೆ ಅಂತ ಬಿಲ್ ಇಲ್ಲದ ಕಡೆ ಹೋಗುವವರಿಗೆ ಏನು ಹೇಳಲಿ.

ಎಷ್ಟು ದಿನಕ್ಕೆ? ಹೆಚ್ಚಿನ ಕಂಪನಿಗಳು 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಅನ್ನುತ್ತವೆ. ಅದರ ಕೆಳಗೇ ಇನ್ನೊಂದು ಪಟ್ಟಿ ಇರುತ್ತದೆ, ಅದನ್ನು ಯಾರೂ ಓದುವುದಿಲ್ಲ. ಧೂಳಿನ ದಾರಿ, ಬರೀ ಹತ್ತಿರದ ಓಡಾಟ, ಭಾರ ಎಳೆಯುವುದು ಇದ್ದರೆ ಬೇಗ ಬದಲಿಸಿ ಅಂತ. ನಮ್ಮ ಕಡೆ ಸಿಂದಗಿ, ಇಂಡಿ ಅಂತ ತೋಟ-ಹೊಲಕ್ಕೆ ಓಡಾಡುವವರೆಲ್ಲ ಆ ಪಟ್ಟಿಗೇ ಸೇರಿದವರು. ನಾನು ಬೇಸಿಗೆಯ ಧೂಳು ಮುಗಿದು ಮೊದಲ ಮಳೆ ಬಿದ್ದ ಮೇಲೆ ಒಮ್ಮೆ, ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ಮುಂಚೆ ಒಮ್ಮೆ ಬದಲಿಸಿಬಿಡುತ್ತೇನೆ. ಜಾತ್ರೆಗೆ ನೆಂಟರು ಬಂದರೆ ಗಾಡಿಗೆ ಬಿಡುವಿರುವುದಿಲ್ಲ.

ವಾರಂಟಿ ಇರುವವರೆಗೆ ಕಂಪನಿ ಸರ್ವಿಸ್‌ನಲ್ಲೇ ಮಾಡಿಸಿ, ಬಿಲ್ ಜೋಪಾನ ಮಾಡಿ. ಅಲ್ಲಿಯೂ ಚಹಾ ಕುಡಿಯಲು ಹೋಗಬೇಡಿ, ನಿಂತು ನೋಡಿ. ವಾರಂಟಿ ಮುಗಿದ ಮೇಲೆ ಮನೆಯಲ್ಲೇ ಮಾಡುವವರಿಗೆ ಇನ್ನು ಮುಂದಿನದು.

ಬಟ್ಟೆಯಿಂದ ಶುರು ಮಾಡಿ. ನಗಬೇಡಿ. ಗ್ಯಾರೇಜಿನಲ್ಲಿ ಬಳಸುವ ಬನಿಯನ್ ವೇಸ್ಟ್ ನಮ್ಮ ಮನೆಯ ಗಾಡಿಯ ಹತ್ತಿರ ಬರಬಾರದು. ಅದು ಎಳೆ ಬಿಡುತ್ತದೆ. ನಾನು ಬಳಸುವುದು ಹಳೆ ಧೋತರ. ಹತ್ತಾರು ವರ್ಷ ಉಟ್ಟು, ಒಗೆದು, ನೂಲು ನುಣ್ಣಗಾಗಿ ಎಳೆ ಬಿಡುವುದು ನಿಂತಿರುತ್ತದಲ್ಲ, ಅಂಥದ್ದು. ಅಂಚು ಕತ್ತರಿಸಿ ಎಸೆಯಿರಿ, ನಡುವಿನದು ಮಾತ್ರ ಕೈವಸ್ತ್ರದಷ್ಟು ತುಂಡು ಮಾಡಿ. ಸೋಡಾ ಹಾಕಿ ಕುದಿಸಿ, ಚೆನ್ನಾಗಿ ಜಾಲಿಸಿ. ಹೊರಗೆ ತಂತಿಯ ಮೇಲೆ ಒಣಹಾಕಬೇಡಿ, ಒಣಗುವಷ್ಟರಲ್ಲಿ ಅದರ ಮೇಲೆ ಊರಿನ ಧೂಳೆಲ್ಲ ಕೂತಿರುತ್ತದೆ. ಒಳಗೆ ಪಡಸಾಲೆಯಲ್ಲಿ ಹಾಕಿ. ಒಣಗಿದ ಮೇಲೆ ಇಸ್ತ್ರಿ ಮಾಡಿ ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿ ಇಡಿ. ನನ್ನ ಮೊಮ್ಮಗ, "ಆಯಿ, ಒರಸೂ ಬಟ್ಟಿಗೆ ಇಸ್ತ್ರಿ ಯಾಕ?" ಅಂದ. "ನಿನ್ನ ಮೊಬೈಲ್ ಗಾಜು ಗೋಣಿಚೀಲದಿಂದ ಒರಸಿ ತೋರಸು, ಆಮ್ಯಾಗ ಕೇಳು" ಅಂದೆ. ಸುಮ್ಮನಾದ.

ಗಾಡಿ ನಿಲ್ಲಿಸಿದ ಮೇಲೆ ಮೊದಲು ಹಸಿ ಬಟ್ಟೆ. ಆಯಿಲ್ ಹಾಕುವ ಮುಚ್ಚಳದ ಸುತ್ತ, ಗೇಜ್ ಕಡ್ಡಿಯ ಹಿಡಿಯ ಸುತ್ತ, ಫಿಲ್ಟರ್ ಕೂತಿರುವ ಕಡೆ, ಕೆಳಗೆ ಹಳೆ ಆಯಿಲ್ ಇಳಿಸುವ ಡ್ರೈನ್ ಬೋಲ್ಟ್ ಸುತ್ತ. ಮುಚ್ಚಳದ ಅಂಚಿನ ಗೆರೆಯಲ್ಲಿ ಕೆಂಪು-ಕಪ್ಪು ಮಣ್ಣು ಎಣ್ಣೆಯ ಜಿಡ್ಡಿಗೆ ಅಂಟಿ ಗಟ್ಟಿಯಾಗಿರುತ್ತದೆ. ಬಟ್ಟೆಗೆ ಅದು ಬರುವುದಿಲ್ಲ. ಹಳೆ ಹಲ್ಲುಜ್ಜುವ ಬ್ರಷ್‌ಗೆ ಚೂರು ಡೀಸೆಲ್ ಮುಟ್ಟಿಸಿ ಹೊರಮುಖವಾಗಿ ತಿಕ್ಕಿ, ಒಳಕ್ಕೆ ಅಲ್ಲ. ಆಮೇಲೆ ಒಣ ಬಟ್ಟೆ. ಬಟ್ಟೆಯ ಒಂದು ಮಗ್ಗುಲು ಒಂದೇ ಸಲ, ಮಡಚಿ ಹೊಸ ಮಗ್ಗುಲು ತಿರುಗಿಸಿ. ಬಟ್ಟೆ ಬಿಳಿಯಾಗೇ ಉಳಿದರೆ ಮಾತ್ರ ಮುಚ್ಚಳಕ್ಕೆ ಕೈ ಹಚ್ಚಿ. ಇಷ್ಟು ಮಾಡದೆ ತಿರುಗಿಸಿದರೆ ಅಂಚಿನ ಮಣ್ಣೆಲ್ಲ ಸೀದಾ ಒಳಗೆ, ವಾಲ್ವ್ ಒತ್ತುವ ಕ್ಯಾಮ್ ಮೇಲೆ. ಎಂಥ ದುಬಾರಿ ಆಯಿಲ್ ತಂದರೂ ಅದರಲ್ಲಿ ಮರಳು ಕಲಸಿದ ಮೇಲೆ ಏನು ಬಂತು? ಮುಚ್ಚಳ ತೆಗೆದ ಕೂಡಲೇ ಆ ಬಾಯಿಗೆ ಒಂದು ತುಂಡು ಧೋತರ ಮುಚ್ಚಿ ಅಂಚಿಗೆ ರಬ್ಬರ್ ಬ್ಯಾಂಡ್ ಹಾಕಿ. ಕೆಳಗಿನಿಂದ ಹಳೆ ಆಯಿಲ್ ಪೂರ್ತಿ ಇಳಿಯುವವರೆಗೆ ಅದು ಹಾಗೇ ಇರಲಿ. ಬಟ್ಟೆಯಿಂದ ಗಾಳಿಯಾಡುತ್ತದೆ, ಆಯಿಲ್ ಸಲೀಸಾಗಿ ಇಳಿಯುತ್ತದೆ, ಧೂಳು ಇಳಿಯುವುದಿಲ್ಲ. ಫನೆಲ್ಲನ್ನೂ ಮೊದಲು ಇದೇ ಬಟ್ಟೆಯಿಂದ ಒರೆಸಿ. ಅಡಿಗೆಮನೆಯ ಫನೆಲ್ ಮುಟ್ಟಿದಿರೋ ನೋಡಿ. ಹೊಸ ಡಬ್ಬಿಯ ಮುಚ್ಚಳವನ್ನೂ ತೆಗೆಯುವ ಮುಂಚೆ ಒರೆಸಿ, ಅಂಗಡಿಯ ಕಪಾಟಿನ ಧೂಳು ಅದರ ಮೇಲೂ ಇರುತ್ತದೆ.

ಎಣ್ಣೆ ಅಂದಾಗ ನೆನಪಾಯಿತು. ಹೊಲಿಗೆ ಯಂತ್ರಕ್ಕೆ ಕೊಬ್ಬರಿ ಎಣ್ಣೆ ಬಿಡುವವರು ಇನ್ನೂ ಇದ್ದಾರೆ. ಅದು ದಿನ ಕಳೆದಂತೆ ಅಂಟಾಗಿ ಯಂತ್ರ ಬಿಗಿದುಕೊಳ್ಳುತ್ತದೆ. ಮಷಿನ್ ಆಯಿಲ್ ಅಂತಲೇ ಸಣ್ಣ ಬಾಟಲಿ ಸಿಗುತ್ತದೆ, ಅದನ್ನೇ ಬಿಡಿ, ಬಿಟ್ಟ ಮೇಲೆ ಹಳೆ ಬಟ್ಟೆಯ ಮೇಲೆ ನಾಲ್ಕು ಗೆರೆ ಹೊಲಿದು ನೋಡಿ.

ಗಾಡಿಗೆ ಬರೋಣ. ಮುಚ್ಚಳ ಬಿಚ್ಚುವ ಮುಂಚೆಯೇ ಇಂಜಿನ್ ಸ್ವಲ್ಪ ಓಡಿಸಿ ಬೆಚ್ಚಗೆ ಮಾಡಿ, ಕೈ ಸುಡುವಷ್ಟಲ್ಲ. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕುವವರನ್ನು ಕಂಡರೆ ನಾನು ರಸ್ತೆಯಲ್ಲೇ ಬೈಯುತ್ತೇನೆ. ಗಟ್ಟಿ ಸ್ಟ್ಯಾಂಡ್ ಇರಬೇಕು, ಚಕ್ರಕ್ಕೆ ಕಲ್ಲು ಕೊಟ್ಟಿರಬೇಕು, ಹ್ಯಾಂಡ್ ಬ್ರೇಕ್ ಎಳೆದಿರಬೇಕು. ಇಲ್ಲವಾದರೆ ರ‍್ಯಾಂಪ್ ಇರುವ ಕಡೆ ಹೋಗಿ. ಬೋಲ್ಟ್ ಬಿಚ್ಚಿ, ಹನಿ ಹನಿಯಾಗುವವರೆಗೆ ಬಿಡಿ, ಅವಸರ ಬೇಡ. ಕೊನೆಯ ಹನಿಗಳನ್ನು ಬಿಳಿ ಬಟ್ಟೆಯ ಮೇಲೆ ಹಿಡಿದು ಬಿಸಿಲಿಗೆ ಓರೆ ಮಾಡಿ ನೋಡಿ. ಕಪ್ಪು ಇದ್ದರೆ ಹೆದರಬೇಡಿ, ಡೀಸೆಲ್ ಗಾಡಿಯಲ್ಲಿ ಹೊಸ ಆಯಿಲ್ಲೂ ಬೇಗ ಕಪ್ಪಾಗುತ್ತದೆ. ಚೂರು ಚೂರು ಹೊಳೆಯುವ ಲೋಹ ಕಂಡರೆ, ಅಥವಾ ಹಾಲು ಹಾಕಿದ ಚಹಾದ ಬಣ್ಣ ಇದ್ದರೆ, ಅಲ್ಲಿಗೇ ನಿಲ್ಲಿಸಿ ಮೇಸ್ತ್ರಿಗೆ ತೋರಿಸಿ.

ಡ್ರೈನ್ ಬೋಲ್ಟಿನ ವಾಷರ್ ಪ್ರತಿ ಸಲ ಹೊಸದು. ಹತ್ತಿಪ್ಪತ್ತು ರೂಪಾಯಿಯ ವಾಷರ್‌ಗೆ ಜಿಪುಣತನ ಮಾಡಿ ಮನೆ ಮುಂದಿನ ಫರಸಿಯ ಮೇಲೆ ಕಲೆ ಮಾಡಿಕೊಳ್ಳುತ್ತಾರೆ. ಬೋಲ್ಟನ್ನು ಮೊದಲ ಸುತ್ತುಗಳು ಬೆರಳಿನಿಂದಲೇ ತಿರುಗಿಸಿ, ಆಮೇಲೆ ಪಾನಾ. ಮಣಿಕಟ್ಟಿನ ಬಲ ಸಾಕು, ಭುಜದ ಬಲ ಬೇಡ. ನಮ್ಮ ಮೈದುನನ ಗಾಡಿಗೆ ಒಬ್ಬ ಮೆಕ್ಯಾನಿಕ್ ಪಾನಾಕ್ಕೆ ಉದ್ದ ಪೈಪ್ ತೊಡಿಸಿ ಬಿಗಿದ. ಆಯಿಲ್ ನಿಲ್ಲುವ ಚೇಂಬರ್ ಅಲ್ಯೂಮಿನಿಯಂನದು, ಥ್ರೆಡ್ ಕಿತ್ತು ಬಂತು. ಹೊಸ ಚೇಂಬರಿನ ಬಿಲ್ ಮೈದುನನೇ ಕಟ್ಟಿದ.

ಫಿಲ್ಟರ್ ಕಂಪನಿಯದ್ದೇ ತನ್ನಿ. ಹಳೆಯದು ತೆಗೆದಾಗ ಅದರ ರಬ್ಬರ್ ಉಂಗುರ ಅದರ ಜೊತೆಗೇ ಬಂತಾ ನೋಡಿ. ಕೆಲವೊಮ್ಮೆ ಇಂಜಿನ್ನಿಗೇ ಅಂಟಿ ಉಳಿಯುತ್ತದೆ. ಅದರ ಮೇಲೆ ಹೊಸದು ಕೂರಿಸಿದರೆ ಎರಡು ಉಂಗುರದ ನಡುವಿನಿಂದ ಆಯಿಲ್ ಚಿಮ್ಮುತ್ತದೆ. ಕೂರುವ ಜಾಗ ಒರೆಸಿ, ಹೊಸ ಉಂಗುರಕ್ಕೆ ಬೆರಳಿನಿಂದ ಹೊಸ ಆಯಿಲ್ ಸವರಿ, ರಬ್ಬರ್ ತಾಗಿದ ಮೇಲೆ ಕೈಯಿಂದಲೇ ಮುಕ್ಕಾಲು ಸುತ್ತು. ಕೆಲವು ಗಾಡಿಗಳಲ್ಲಿ ಕಾಗದದ ಫಿಲ್ಟರ್ ಪ್ಲಾಸ್ಟಿಕ್ ಡಬ್ಬಿಯೊಳಗೆ ಇರುತ್ತದೆ, ಅದಕ್ಕೆ ಬೇರೆ ಉಂಗುರ ಜೊತೆಗೇ ಕೊಟ್ಟಿರುತ್ತಾರೆ, ಅದನ್ನೂ ಬದಲಿಸಿ.

ಸುರಿಯುವಾಗ ಡಬ್ಬಿ ಖಾಲಿ ಮಾಡಿಯೇ ಬಿಡುತ್ತೇನೆ ಅನ್ನುವ ಹುಡುಗರಿಗೆ ಹೇಳುತ್ತಿದ್ದೇನೆ. ಪುಸ್ತಕ ಹೇಳಿದ್ದಕ್ಕಿಂತ ಎರಡು ಚಹಾ ಗ್ಲಾಸಿನಷ್ಟು ಕಡಿಮೆ ಹಾಕಿ. ಇಂಜಿನ್ ಸ್ವಲ್ಪ ಓಡಿಸಿ, ಆಯಿಲ್ ದೀಪ ಆರಿತಾ ನೋಡಿ, ನಿಲ್ಲಿಸಿ. ಸಮ ನೆಲದಲ್ಲಿ ಹತ್ತು ನಿಮಿಷ ಬಿಡಿ. ಕಡ್ಡಿ ತೆಗೆದು ಒರೆಸಿ, ಮತ್ತೆ ಪೂರ್ತಿ ಒಳಗೆ ಹಾಕಿ ತೆಗೆದು ನೋಡಿ. ಆಮೇಲೆ ಚೂರು ಚೂರು ಹಾಕುತ್ತಾ ಮೇಲಿನ ಗುರುತಿಗೆ ಒಂದು ಎಳೆ ಕೆಳಗೆ ನಿಲ್ಲಿಸಿ. ಜಾಸ್ತಿಯಾದರೆ ಒಳಗೆ ತಿರುಗುವ ಕ್ರ್ಯಾಂಕ್ ಅದನ್ನು ಕಡೆದು ನೊರೆ ಮಾಡುತ್ತದೆ. ನೊರೆ ಒತ್ತಡ ಕೊಡುವುದಿಲ್ಲ.

ಡೀಸೆಲ್ ಗಾಡಿಯವರು ಒಂದು ಹೆಚ್ಚಿಗೆ ನೋಡಿ. ತಿಂಗಳಾದ ಮೇಲೆ ಕಡ್ಡಿಯಲ್ಲಿ ಆಯಿಲ್ ಮೇಲೆ ಏರಿದ್ದರೆ ಖುಷಿ ಪಡಬೇಡಿ. ಮನೆಯಿಂದ ಗಾಂಧಿ ಚೌಕ, ಅಲ್ಲಿಂದ ಶಾಲೆ, ಮತ್ತೆ ಮನೆ, ಇಷ್ಟೇ ಓಡಿದರೆ ಡಿಪಿಎಫ್‌ನ ಮಸಿ ಸುಡುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ಅದಕ್ಕೆಂದು ಹೆಚ್ಚಿಗೆ ಬಿಟ್ಟ ಡೀಸೆಲ್ ಆಯಿಲ್‌ಗೆ ಇಳಿಯುತ್ತದೆ. ಮೇಲಿನ ಗುರುತು ದಾಟಿದ್ದರೆ ಬದಲಿಸಿ. ಆಗಾಗ ಗಾಡಿಯನ್ನು ಸೊಲ್ಲಾಪುರ ರಸ್ತೆಗೆ ತಗೊಂಡು ಹೋಗಿ ಅರ್ಧ ತಾಸು ನಿಲ್ಲಿಸದೆ ಓಡಿಸಿ.

ರಾತ್ರಿ ಗಾಡಿಯ ಕೆಳಗೆ ರಟ್ಟು ಹಾಸಿಡಿ, ಬೆಳಿಗ್ಗೆ ಹನಿ ಬಿದ್ದಿದೆಯಾ ನೋಡಿ. ಕೆಳಗಿನ ಪ್ಲಾಸ್ಟಿಕ್ ಕವಚದ ಸ್ಕ್ರೂ ಎಲ್ಲವೂ ಹಾಕಿದ್ದೀರಾ? ಎರಡು ಉಳಿದವು ಅಂತ ಜೇಬಿಗೆ ಹಾಕಿಕೊಳ್ಳಬೇಡಿ. ತಾರೀಖು, ಕಿಲೋಮೀಟರ್, ಗ್ರೇಡ್ ಒಂದು ಚೀಟಿಯಲ್ಲಿ ಬರೆದು ಬಾನೆಟ್ ಒಳಗೆ ಅಂಟಿಸಿ.

ಹಳೆ ಆಯಿಲ್ಲನ್ನು ಗಟಾರಕ್ಕೆ, ತೋಟದ ಬದುವಿಗೆ, ಬೇಲಿಯ ಕಂಬಕ್ಕೆ ಸುರಿಯಬೇಡಿ. ಕೇಂದ್ರ ಸರ್ಕಾರದ 2016ರ ತ್ಯಾಜ್ಯ ನಿಯಮದಲ್ಲಿ ಅದು ಅಪಾಯಕಾರಿ ತ್ಯಾಜ್ಯ. ನಮ್ಮ ಕಡೆ ಎಷ್ಟೋ ಜನರಿಗೆ ಕುಡಿಯುವ ನೀರಿಗೂ ದ್ರಾಕ್ಷಿಗೂ ಬೋರ್‌ವೆಲ್ಲೇ ಗತಿ, ನೆಲಕ್ಕೆ ಸುರಿದದ್ದು ಎಲ್ಲಿಗೆ ಹೋಗುತ್ತದೆ ಹೇಳಿ. ಡಬ್ಬಿಗೆ ತುಂಬಿ, ಹಳೆ ಆಯಿಲ್ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಗ್ಯಾರೇಜಿಗೆ ಕೊಡಿ. ಕೈಗೆ ಹತ್ತಿದ್ದನ್ನು ಪೆಟ್ರೋಲ್‌ನಿಂದ ತೊಳೆಯಬೇಡಿ. ಶೇಂಗಾ ಎಣ್ಣೆ ಸವರಿ, ಕಡಲೆ ಹಿಟ್ಟು ಹಾಕಿ ತಿಕ್ಕಿ, ಆಮೇಲೆ ಸಾಬೂನು. ಹೊಸ ಆಯಿಲ್‌ನ ಖಾಲಿ ಡಬ್ಬಿಯನ್ನು ಗುಜರಿಯವನಿಗೆ ಹಾಗೇ ಕೊಡಬೇಡಿ. ಖೋಟಾ ಆಯಿಲ್ ತುಂಬುವವರಿಗೆ ಬೇಕಾದದ್ದು ಅದೇ. ದಬ್ಬಣದಿಂದ ತಳಕ್ಕೆ ನಾಲ್ಕು ತೂತು ಹೊಡೆದು, ಲೇಬಲ್ ಹರಿದು, ಆಮೇಲೆ ಕೊಡಿ.