ಬುಷ್ ಹೊಸದು, ಸದ್ದು ಹಳೆಯದು: ಲೋವರ್ ಆರ್ಮ್ ಬುಷ್ ಮನೆಯಲ್ಲೇ ಬದಲಿಸುವ ಕ್ರಮ

ಲೋವರ್ ಆರ್ಮ್ ಎಂದರೆ ಮುಂಚಕ್ರವನ್ನು ಕಾರಿನ ಫ್ರೇಮಿಗೆ ಜೋಡಿಸುವ ಕೆಳಗಿನ ತೋಳು; ಅದು ಫ್ರೇಮಿಗೆ ಸೇರುವಲ್ಲಿ ಒಂದರೊಳಗೊಂದು ಕೂತ ಎರಡು ಕೊಳವೆ, ನಡುವೆ ರಬ್ಬರ್ ಇರುವ ಬಿಡಿಭಾಗವೇ ಬುಷ್. ಹೊಸ ಬುಷ್ ಹಾಕಿದ ಕಾರು ಮಳೆಗಾಲ ಮುಗಿಯುವುದರೊಳಗೆ ಮತ್ತೆ ಟಕ್ ಟಕ್ ಎನ್ನತೊಡಗಿದರೆ ಬೈಗುಳವೆಲ್ಲ ಶಿರಸಿ-ಕುಮಟಾ ರಸ್ತೆಯ ದೇವಿಮನೆ ಘಾಟಿಗೆ. ರಸ್ತೆ ಸಾಚಾ ಎಂದು ನಾನು ಹೇಳುವುದಿಲ್ಲ. ಆದರೆ ಹೆಚ್ಚಿನ ಸಲ ತಪ್ಪು ಬೋಲ್ಟ್ ಬಿಗಿದ ಕೈಯದು.

ಮೊದಲು ಪರೀಕ್ಷೆ. ಮುಂದಿನ ಚಕ್ರ ಎತ್ತಿ, ಆರ್ಮ್ ಮತ್ತು ಫ್ರೇಮ್ ನಡುವೆ ಉದ್ದನೆಯ ಸ್ಕ್ರೂಡ್ರೈವರ್ ತೂರಿಸಿ ಮೆಲ್ಲಗೆ ಮೀಟಿ. ರಬ್ಬರ್ ಸೀಳಿದ್ದರೆ ಅಥವಾ ಲೋಹದಿಂದ ಬಿಟ್ಟುಕೊಂಡಿದ್ದರೆ ಬದಲಿಸಲೇಬೇಕು; ಮೇಲ್ಮೈಯ ಕೂದಲೆಳೆ ಬಿರುಕಿಗೆ ಗಾಬರಿ ಬೇಡ. ಬದಲಿಸುವುದಾದರೆ ಎರಡೂ ಬದಿಯದನ್ನು ಒಟ್ಟಿಗೇ ಬದಲಿಸಿ.

ಸಮತಟ್ಟಾದ ಸಿಮೆಂಟ್ ನೆಲದಲ್ಲಿ ಹಿಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಮುಂಭಾಗವನ್ನು ಎತ್ತಿ ಸ್ಟ್ಯಾಂಡ್‌ಗಳ ಮೇಲೆ ಕೂರಿಸಿ. ಸ್ಟ್ಯಾಂಡ್ ಇಲ್ಲವೆಂದು ಚಿರೇಕಲ್ಲು ಪೇರಿಸುವವರನ್ನು ನೋಡಿದ್ದೇನೆ. ಗೋಡೆ ಕಟ್ಟಲು ಅದು ಒಳ್ಳೆಯ ಕಲ್ಲೇ. ಕಾರಿನ ಭಾರ ಒಂದು ಮೂಲೆಯ ಮೇಲೆ ಬಿದ್ದರೆ ಮಾತ್ರ ಸುಳಿವೇ ಕೊಡದೆ ಒಡೆಯುತ್ತದೆ. ಬರೀ ಜಾಕ್ ನಂಬಿ ಕಾರಿನಡಿ ನುಸುಳುವುದೂ ಬೇಡ.

ಕಾರವಾರ, ಅಂಕೋಲಾ ಕಡೆಯ ಕಾರುಗಳಿಗೆ ಉಪ್ಪುಗಾಳಿಯ ತುಕ್ಕು. ಹಿಂದಿನ ರಾತ್ರಿಯೇ ಬೋಲ್ಟ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ನಟ್ ಬಿಚ್ಚಿದರೂ ಬೋಲ್ಟ್ ಬುಷ್‌ನ ಒಳಕೊಳವೆಗೆ ಕಚ್ಚಿಕೊಂಡಿರಬಹುದು. ಬಡಿದು ಥ್ರೆಡ್ ಕೆಡಿಸುವ ಬದಲು ಅತ್ತಿತ್ತ ತಿರುಗಿಸಿ ಸಡಿಲಿಸಿ. ಆರ್ಮ್‌ನ ಹೊರತುದಿಯನ್ನು ಚಕ್ರದ ಕಡೆಗೆ ಜೋಡಿಸುವ ಬಾಲ್ ಜಾಯಿಂಟ್ ಬಿಡಿಸಿ ಆರ್ಮ್ ಹೊರತೆಗೆಯಿರಿ.

ಹಳೆಯ ಬುಷ್ ತೆಗೆಯುವ ಮೊದಲು ಅದು ಕುಳಿತ ದಿಕ್ಕನ್ನು ಆರ್ಮ್ ಮೇಲೆ ಗೀರಿ ಗುರುತಿಡಿ. ಕೆಲವು ಬುಷ್‌ಗಳ ರಬ್ಬರಿನಲ್ಲಿ ಬೇಕೆಂದೇ ಬಿಟ್ಟ ಖಾಲಿ ಜಾಗಗಳಿರುತ್ತವೆ. ಹೊಸದರಲ್ಲೂ ಅವು ಅದೇ ಕಡೆಗಿರಬೇಕು. ಗ್ಯಾಸ್ ಜ್ವಾಲೆಯಿಂದ ರಬ್ಬರ್ ಸುಟ್ಟು ತೆಗೆಯುವ ಅಡ್ಡದಾರಿ ಬೇಡ: ಹೊಗೆ ಕೆಟ್ಟದ್ದು, ಬಣ್ಣ ಸುಟ್ಟ ಜಾಗಕ್ಕೆ ತುಕ್ಕು ಬೇಗ ಹಿಡಿಯುತ್ತದೆ. ಲೇತ್ ಅಂಗಡಿಯಲ್ಲಿ ಪ್ರೆಸ್ ಇದ್ದರೆ ಅಲ್ಲಿಯೇ ಒತ್ತಿಸಿ. ಮನೆಯಲ್ಲೇ ಮಾಡುವ ಹಟವಿದ್ದರೆ ದಪ್ಪ ಥ್ರೆಡ್ ರಾಡ್, ನಟ್, ವಾಷರ್ ಬೇಕು. ಒಂದು ಬದಿಗೆ ಬುಷ್‌ನ ಹೊರಕೊಳವೆಯ ಅಂಚನ್ನಷ್ಟೇ ತಳ್ಳುವ ಸಾಕೆಟ್, ಇನ್ನೊಂದು ಬದಿಗೆ ಬುಷ್ ಇಳಿಯುವಷ್ಟು ಅಗಲದ ಪೈಪಿನ ತುಂಡು. ರಾಡನ್ನು ಇವೆಲ್ಲದರ ನಡುವೆ ತೂರಿಸಿ ನಟ್ ಬಿಗಿಯುತ್ತ ಹೋದರೆ ಬುಷ್ ಪೈಪಿನೊಳಕ್ಕೆ ಸರಿಯುತ್ತದೆ. ಹೊಸದನ್ನು ಕೂರಿಸುವಾಗಲೂ ಬಲ ಹೊರಕೊಳವೆಯ ಮೇಲೆಯೇ ಬೀಳಬೇಕು. ಒಳಕೊಳವೆಯನ್ನು ಒತ್ತಿದರೆ ರಬ್ಬರ್ ಕಿತ್ತುಬರುತ್ತದೆ. ಜಾರಲಿ ಎಂದು ಗ್ರೀಸನ್ನೋ ತೆಂಗಿನೆಣ್ಣೆಯನ್ನೋ ಸವರಬೇಡಿ. ಎಣ್ಣೆ ಕುಡಿದ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಸಾಬೂನು ನೀರು ಸಾಕು. ತಯಾರಕರ ಹೆಸರೇ ಇಲ್ಲದ ಪೊಟ್ಟಣದ ಅಗ್ಗದ ಬುಷ್‌ಗೆ ಇಷ್ಟೆಲ್ಲ ಶ್ರಮ ದಂಡ. ಪಾಲಿಯುರಿಥೇನ್ ಬುಷ್ ಗಟ್ಟಿಯೇನೋ ಹೌದು, ಆದರೆ ಹೊಂಡದ ಪೆಟ್ಟು ಸೊಂಟಕ್ಕೆ ತಲುಪುತ್ತದೆ. ನನ್ನ ಮತ ರಬ್ಬರಿಗೇ.

ಇನ್ನು ಎಲ್ಲರೂ ಕೆಡಿಸುವ ಹಂತ. ಈ ಬುಷ್‌ನಲ್ಲಿ ಎರಡು ಲೋಹದ ಕೊಳವೆಗಳ ನಡುವೆ ರಬ್ಬರ್ ಅಂಟಿರುತ್ತದೆ. ಬೋಲ್ಟ್ ಬಿಗಿದಾಗ ಒಳಕೊಳವೆ ಫ್ರೇಮಿಗೆ ಕಚ್ಚಿ ನಿಲ್ಲುತ್ತದೆ. ಚಕ್ರ ಏರಿಳಿದಂತೆ ಹೊರಕೊಳವೆ ಆರ್ಮ್ ಜೊತೆ ಹೊರಳುತ್ತದೆ, ನಡುವಿನ ರಬ್ಬರ್ ತಿರುಚಿ ಮರಳುತ್ತದೆ. ಚಕ್ರ ಜೋತುಬಿದ್ದಿರುವಾಗಲೇ ಬೋಲ್ಟ್ ಬಿಗಿದರೆ ರಬ್ಬರಿಗೆ ಆ ಜೋತುಬಿದ್ದ ಸ್ಥಿತಿಯೇ ವಿಶ್ರಾಂತಿ. ಕಾರು ನೆಲಕ್ಕಿಳಿದ ಕ್ಷಣದಿಂದ, ಅಂಗಳದಲ್ಲಿ ಸುಮ್ಮನೆ ನಿಂತಿದ್ದರೂ, ಅದು ತಿರುಚಿಕೊಂಡೇ ಇರುತ್ತದೆ. ಹೊಂಡ ಸಿಕ್ಕಾಗಲೆಲ್ಲ ಇನ್ನಷ್ಟು ತಿರುಚಿ, ಕೊನೆಗೆ ಸೀಳುತ್ತದೆ.

ಆದ್ದರಿಂದ ಆರ್ಮ್ ಜೋಡಿಸುವಾಗ ಬುಷ್ ಬೋಲ್ಟ್‌ಗಳನ್ನು ತಾಗಿ ಕೂರುವಷ್ಟೇ ತಿರುಗಿಸಿ. ಬಾಲ್ ಜಾಯಿಂಟ್ ಪೂರ್ತಿ ಬಿಗಿದು, ಚಕ್ರ ಹಾಕಿ, ಎರಡೂ ಮುಂಚಕ್ರಗಳ ಕೆಳಗೆ ಒಂದೇ ದಪ್ಪದ ಅಗಲ ಹಲಗೆಗಳನ್ನಿಟ್ಟು ಕಾರನ್ನು ಅವುಗಳ ಮೇಲೆ ಇಳಿಸಿ. ಬಾನೆಟ್ ಬದಿಯನ್ನು ನಾಲ್ಕಾರು ಸಲ ಒತ್ತಿ ಬಿಡಿ, ಸ್ಪ್ರಿಂಗ್ ತನ್ನ ಮಟ್ಟಕ್ಕೆ ಬರಲಿ. ಆಮೇಲೆ ಬಿಗಿತವನ್ನು ಅಳೆಯುವ ಟಾರ್ಕ್ ವ್ರೆಂಚ್‌ನಿಂದ, ನಿಮ್ಮ ಕಾರಿನ ಸರ್ವಿಸ್ ಕೈಪಿಡಿ ಹೇಳುವಷ್ಟು ಬಿಗಿಯಿರಿ. ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಉಸಿರುಗಟ್ಟಿ ಎಳೆಯುವುದಲ್ಲ. ಹಲಗೆಯ ಎತ್ತರದಿಂದ ಕೈ ತೂರುವಷ್ಟು ಜಾಗ ಸಿಗದಿದ್ದರೆ ಕಾರನ್ನು ಸ್ಟ್ಯಾಂಡ್ ಮೇಲೆಯೇ ಬಿಟ್ಟು, ಆರ್ಮ್‌ನ ಹೊರತುದಿಗೆ ಜಾಕ್ ಕೊಟ್ಟು, ಬಾಡಿ ಸ್ಟ್ಯಾಂಡಿನಿಂದ ಏಳುವ ಸೂಚನೆ ಕೊಡುವವರೆಗೆ ಎತ್ತಿ ಬಿಗಿಯಬಹುದು.

ವೀಲ್ ಅಲೈನ್‌ಮೆಂಟ್ ಮಾಡಿಸದೆ ಘಾಟಿ ಹತ್ತಬೇಡಿ. ಟೈರಿನ ಒಂದು ಅಂಚು ಸವೆದುಹೋಗುತ್ತದೆ. ಒಂದು ವಾರ ಓಡಿಸಿದ ಮೇಲೆ, ಕಾರು ನೆಲದ ಮೇಲಿರುವಾಗಲೇ, ಅದೇ ಬೋಲ್ಟ್‌ಗಳಿಗೆ ಮತ್ತೊಮ್ಮೆ ವ್ರೆಂಚ್ ಹಚ್ಚಿ ನೋಡಿ.