ಕೊಳ್ಳುವ ಮೊದಲು ಬಲ್ಲವರನ್ನು ಕೇಳುವುದು ಹೇಗೆ?

ಬಹುಕಾಲ ಬಾಳಬೇಕಾದ ಒಳ್ಳೆಯ ವಸ್ತುವೊಂದನ್ನು ಕೊಳ್ಳಲು ಹೊರಟವರಿಗೆ, ಅದು ಬೈನಾಕ್ಯುಲರ್ ಆಗಿರಲಿ, ದೂರದರ್ಶಕವಾಗಿರಲಿ, ಅಡುಗೆಮನೆಯ ಚಾಕುವೇ ಆಗಿರಲಿ, ಮಾರಾಟಗಾರರ ವಿವರಣೆಗಿಂತ ಹೆಚ್ಚು ನೆರವಾಗುವುದು ಅದನ್ನು ವರ್ಷಗಟ್ಟಲೆ ಬಳಸಿದ ಹವ್ಯಾಸಿಗಳ ಅನುಭವ. ಆದರೆ ಅಂಥವರ ಬಳಿ ಹೋಗಿ ‘ಎಲ್ಲಕ್ಕಿಂತ ಉತ್ತಮವಾದದ್ದು ಯಾವುದು?’ ಎಂದಷ್ಟೇ ಕೇಳಿದರೆ, ಅವರು ತಮಗೆ ಒಗ್ಗಿದ ವಸ್ತುವಿನ ಹೆಸರು ಹೇಳುತ್ತಾರೆ. ಅದು ನಿಮಗೂ ಒಗ್ಗುತ್ತದೆ ಎಂಬ ಖಾತರಿ ಇರುವುದಿಲ್ಲ. ಆದ್ದರಿಂದ ಕೇಳುವುದಕ್ಕೂ ಒಂದಿಷ್ಟು ಸಿದ್ಧತೆ ಬೇಕು.

ಮೊದಲಿಗೆ ನಿಮ್ಮ ಬಳಕೆಯನ್ನು ನಾಲ್ಕೈದು ಸಾಲುಗಳಲ್ಲಿ ಬರೆದುಕೊಳ್ಳಿ. ಬೈನಾಕ್ಯುಲರ್ ಬೇಕಿದ್ದರೆ, ಅದರಲ್ಲಿ ಏನನ್ನು ನೋಡುತ್ತೀರಿ, ಮುಂಜಾನೆಯ ಮಬ್ಬಿನಲ್ಲೋ ಹಗಲಿನಲ್ಲೋ, ಎಷ್ಟು ಹೊತ್ತು ಕೊರಳಲ್ಲಿ ಹೊತ್ತು ನಡೆಯಬೇಕು, ಕನ್ನಡಕ ಧರಿಸುತ್ತೀರೋ ಇಲ್ಲವೋ ಎಂಬುದೆಲ್ಲ ಅಲ್ಲಿರಲಿ. ಖರ್ಚಿನ ಮಿತಿಯನ್ನೂ ಸಂಕೋಚವಿಲ್ಲದೆ ಬರೆಯಿರಿ. ಮಿತಿ ತಿಳಿಯದಿದ್ದರೆ ಸಲಹೆ ಕೊಡುವವರು ಸಹಜವಾಗಿಯೇ ದುಬಾರಿಯಾದದ್ದರ ಕಡೆಗೆ ವಾಲುತ್ತಾರೆ.

ಎರಡನೆಯದಾಗಿ, ಆ ವಸ್ತುವಿನ ಮೇಲೆ ಬರೆದಿರುವ ಅಂಕಿಗಳ ಅರ್ಥವನ್ನು ತಿಳಿದುಕೊಂಡು ಹೋಗಿ. ನನ್ನ ದೃಷ್ಟಿಯಲ್ಲಿ ಇದೇ ಅತ್ಯಂತ ಮುಖ್ಯವಾದ ಹಂತ, ಏಕೆಂದರೆ ಇಷ್ಟು ತಿಳಿದವರೊಂದಿಗೆ ಬಲ್ಲವರು ಮನಬಿಚ್ಚಿ ಮಾತನಾಡುತ್ತಾರೆ. ಬೈನಾಕ್ಯುಲರ್ ಮೇಲೆ 8×42 ಎಂದಿದ್ದರೆ, 8 ಎಂಬುದು ದೃಶ್ಯವನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದನ್ನೂ 42 ಎಂಬುದು ಮುಂದಿನ ಮಸೂರದ ವ್ಯಾಸವನ್ನು ಮಿಲಿಮೀಟರ್‌ಗಳಲ್ಲೂ ಹೇಳುತ್ತದೆ. 42ನ್ನು 8ರಿಂದ ಭಾಗಿಸಿದಾಗ ಬರುವ 5.25 ಮಿಲಿಮೀಟರ್ ಕಣ್ಣಿಗೆ ತಲುಪುವ ಬೆಳಕಿನ ವೃತ್ತದ ವ್ಯಾಸ; 10×42ರಲ್ಲಿ ಅದು 4.2ಕ್ಕೆ ಇಳಿಯುತ್ತದೆ. ಬಿಸಿಲಿನಲ್ಲಿ ನಮ್ಮ ಕಣ್ಣಿನ ಪಾಪೆ 2–3 ಮಿಲಿಮೀಟರ್‌ಗೆ ಕಿರಿದಾಗುವುದರಿಂದ ಈ ವ್ಯತ್ಯಾಸ ತಿಳಿಯುವುದಿಲ್ಲ, ಮಬ್ಬುಗತ್ತಲೆಯಲ್ಲಿ ಮಾತ್ರ ಎದ್ದು ಕಾಣುತ್ತದೆ. ಹತ್ತು ಪಟ್ಟು ಹಿಗ್ಗಿಸುವುದು ಕೈಯ ನಡುಕವನ್ನೂ ಅಷ್ಟೇ ಹಿಗ್ಗಿಸುತ್ತದೆ. ಸಾಮಾನ್ಯವಾಗಿ ನೋಟದ ಹರವೂ ಕಡಿಮೆಯಾಗುತ್ತದೆ. ಪಕ್ಷಿವೀಕ್ಷಕರಲ್ಲಿ ಅನೇಕರು ಎಂಟಕ್ಕೇ ನಿಲ್ಲುವುದು ಈ ಕಾರಣದಿಂದ.

ಇನ್ನು ಯಾರನ್ನು ಕೇಳಬೇಕು? ಸಂಗ್ರಹಿಸಿ ಇಡುವವರಿಗಿಂತ ದಿನವೂ ಬಳಸುವವರನ್ನು, ಒಂದನ್ನೇ ಕಂಡವರಿಗಿಂತ ಹಲವನ್ನು ಬಳಸಿ ಬಿಟ್ಟವರನ್ನು ಕೇಳಿ. ರಿಪೇರಿ ಮಾಡುವವರು ಸಿಕ್ಕರೆ ಅವರನ್ನು ಬಿಡಬೇಡಿ. ಯಾವ ಭಾಗ ಮೊದಲು ಸವೆಯುತ್ತದೆ, ಯಾವುದಕ್ಕೆ ಬಿಡಿಭಾಗ ಸಿಗುವುದಿಲ್ಲ ಎಂಬುದು ಅವರಿಗೆ ಗೊತ್ತಿರುತ್ತದೆ.

ಮುಂದಿನದು ಪ್ರಶ್ನೆಗಳು. ‘ಇದಕ್ಕೂ ಮೊದಲು ನಿಮ್ಮಲ್ಲಿ ಯಾವುದಿತ್ತು? ಅದನ್ನು ಏಕೆ ಬದಲಿಸಿದಿರಿ? ಈಗಿನದರಲ್ಲಿ ನಿಮಗೆ ಹಿಡಿಸದಿರುವುದು ಏನು?’ ಎಂದು ಕೇಳಿ, ಪ್ರತಿ ಉತ್ತರಕ್ಕೂ ಕಾರಣವನ್ನು ವಿಚಾರಿಸಿ. ಒಬ್ಬರು ಗಟ್ಟಿ ಉಕ್ಕಿನ ಚಾಕುವನ್ನು ಹೊಗಳಿ, ಇನ್ನೊಬ್ಬರು ಅದನ್ನು ಕೊಳ್ಳಲೇಬೇಡಿ ಎಂದರೆ ಇಬ್ಬರೂ ಸರಿಯಾಗಿರಬಹುದು. ಉಕ್ಕಿನ ಗಡಸುತನವನ್ನು ರಾಕ್‌ವೆಲ್ ಅಳತೆಯಲ್ಲಿ ಹೇಳುತ್ತಾರೆ: 60 ದಾಟಿದ ಅಲಗು ಹರಿತವನ್ನು ಹೆಚ್ಚು ಕಾಲ ಉಳಿಸಿಕೊಳ್ಳುತ್ತದೆ, ಆದರೆ ಗಟ್ಟಿ ಮೂಳೆಗೆ ತಗುಲಿದರೆ ಅಂಚು ಚಕ್ಕೆ ಏಳುವ ಅಪಾಯವಿದೆ, 56ರ ಆಸುಪಾಸಿನದು ಬೇಗ ಮೊಂಡಾಗುತ್ತದೆ, ಹಾಗೆಯೇ ಸುಲಭವಾಗಿ ಮಸೆಯಲೂ ಬರುತ್ತದೆ. ಕಾರಣ ಗೊತ್ತಾದ ಮೇಲೆ ನಿಮ್ಮ ಅಡುಗೆಮನೆಗೆ ಯಾವುದು ಎಂಬುದನ್ನು ನೀವೇ ತೀರ್ಮಾನಿಸಬಹುದು.

ಪೆಟ್ಟಿಗೆಯ ಮೇಲಿನ ದೊಡ್ಡ ಮಾತುಗಳನ್ನೂ ಅವರ ಮುಂದಿಟ್ಟು ಪರೀಕ್ಷಿಸಿ. ದೂರದರ್ಶಕದ ಉಪಯುಕ್ತ ವರ್ಧನೆ ಅದರ ಮಸೂರದ ಪ್ರತಿ ಮಿಲಿಮೀಟರಿಗೆ ಹೆಚ್ಚೆಂದರೆ ಸುಮಾರು 2 ಪಟ್ಟು ಎಂಬುದು ಖಗೋಳ ಹವ್ಯಾಸಿಗಳಿಗೆ ಬಾಯಿಪಾಠ. ಹಾಗಾಗಿ 60 ಮಿಲಿಮೀಟರ್ ಮಸೂರದ ದೂರದರ್ಶಕ 500 ಪಟ್ಟು ಹಿಗ್ಗಿಸುತ್ತದೆ ಎಂದು ಬರೆದಿದ್ದರೆ, ಕಾಣುವುದು ದೊಡ್ಡದಾದ ಮಸುಕು ಬಿಂಬ ಮಾತ್ರ.

ಕೊನೆಗೆ, ಸಾಧ್ಯವಾದರೆ ಅವರದೇ ವಸ್ತುವನ್ನು ಅವರ ಎದುರಿನಲ್ಲೇ ಬಳಸಿ ನೋಡಲು ಅನುಮತಿ ಕೇಳಿ. ಬೈನಾಕ್ಯುಲರನ್ನು ಸೂರ್ಯನತ್ತ ಮಾತ್ರ ಎಂದಿಗೂ ತಿರುಗಿಸದೆ, ದೂರದ ಕಂಬವೊಂದನ್ನು ನೋಟದ ಅಂಚಿಗೆ ತಂದು ಅದು ಎಷ್ಟು ಬಾಗುತ್ತದೆ, ಎಷ್ಟು ಮಸುಕಾಗುತ್ತದೆ ಎಂದು ಗಮನಿಸಿ. ಕನ್ನಡಕ ಹಾಕಿಕೊಂಡಿದ್ದರೂ ಪೂರ್ತಿ ವೃತ್ತ ಕಾಣಬೇಕು. ಕೆಲವು ನಿಮಿಷ ನೋಡಿದೊಡನೆ ಕಣ್ಣು ನೋಯತೊಡಗಿದರೆ ಎರಡು ಕೊಳವೆಗಳ ಹೊಂದಾಣಿಕೆ ತಪ್ಪಿರಬಹುದು. ಅನುಭವಿಗಳು ಮೆಚ್ಚುವ ಸೂಕ್ಷ್ಮ ವ್ಯತ್ಯಾಸ ಹೀಗೆ ನೋಡಿದಾಗಲೂ ನಿಮ್ಮ ಕಣ್ಣಿಗೆ ಕಾಣದಿದ್ದರೆ, ಅದಕ್ಕಾಗಿ ಸದ್ಯಕ್ಕೆ ಹೆಚ್ಚು ಹಣ ಕೊಡಬೇಕಾಗಿಲ್ಲ. ಕೊಂಡ ಮೇಲೆ ಇದೇ ಪರೀಕ್ಷೆಗಳನ್ನು ಹೊಸ ವಸ್ತುವಿನ ಮೇಲೂ, ಅದನ್ನು ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ ಮಾಡಿ, ಅನುಮಾನ ಬಂದರೆ ಸಲಹೆ ಕೊಟ್ಟವರಿಗೇ ಮತ್ತೊಮ್ಮೆ ತೋರಿಸಿ.