ನಗರ ಚುನಾವಣೆಯ ವೆಚ್ಚದ ಕಾನೂನನ್ನು ತೀರ್ಪುಗಳಿಗೆ ಹೊಂದಿಸುವ ಬಗೆ

ದಾವಣಗೆರೆ ಮಹಾನಗರ ಪಾಲಿಕೆಯ ಚುನಾವಣೆಯಲ್ಲಿ ಹಣದ ಲೆಕ್ಕ ನೆಟ್ಟಗಿರಬೇಕೆಂದು ಬಯಸುವ ನಾಗರಿಕ ವೇದಿಕೆಗಳು ಸಾಮಾನ್ಯವಾಗಿ ಮೊದಲು ಪಾಲಿಕೆಗೇ ಮನವಿ ಕೊಡುತ್ತವೆ. ಅದರಿಂದ ಒಂದು ಠರಾವು ಬರಬಹುದೇ ಹೊರತು ಕಾನೂನು ಬದಲಾಗದು. ಏಕೆಂದರೆ ಸಂವಿಧಾನದ 243-ಝಡ್‌ಎ ವಿಧಿಯಂತೆ ನಗರಸಂಸ್ಥೆಗಳ ಚುನಾವಣೆಗೆ ಸಂಬಂಧಿಸಿದ ಶಾಸನ ರಚನೆ ರಾಜ್ಯ ವಿಧಾನಮಂಡಲಕ್ಕೆ ಸೇರಿದ್ದು, ಚುನಾವಣೆ ನಡೆಸುವ ಹೊಣೆ ರಾಜ್ಯ ಚುನಾವಣಾ ಆಯೋಗದ್ದು. ದಾವಣಗೆರೆಗೆ 1976ರ ಮಹಾನಗರ ಪಾಲಿಕೆಗಳ ಅಧಿನಿಯಮವೂ ಚಿತ್ರದುರ್ಗ ನಗರಸಭೆಗೆ 1964ರ ಪೌರಸಭೆಗಳ ಅಧಿನಿಯಮವೂ ಅನ್ವಯಿಸುವುದರಿಂದ, ಒಂದು ಊರಿನ ಮನವಿಯನ್ನು ಇನ್ನೊಂದು ಊರಿನವರು ಹಾಗೆಯೇ ನಕಲು ಮಾಡಬಾರದು.

ಮೊದಲ ಕೆಲಸ ಓದು. ಅಧಿನಿಯಮ, ಅದರಡಿಯ ನಿಯಮಗಳು ಮತ್ತು ಆಯೋಗದ ಆದೇಶಗಳನ್ನು ಪಡೆದು, ವೆಚ್ಚ ಹಾಗೂ ಆಸ್ತಿ ಘೋಷಣೆಗೆ ಸಂಬಂಧಿಸಿದ ಪ್ರತಿ ಕಲಮಿನ ಎದುರು ಅದಕ್ಕೆ ತಾಗುವ ತೀರ್ಪನ್ನು ಬರೆಯಿರಿ. ಅಭ್ಯರ್ಥಿಯ ಆಸ್ತಿ, ಸಾಲ, ಅಪರಾಧ ಪ್ರಕರಣಗಳನ್ನು ತಿಳಿಯುವುದು ಮತದಾರನ ಹಕ್ಕು ಎಂದ ಸುಪ್ರೀಂ ಕೋರ್ಟಿನ 2002ರ ತೀರ್ಪು ಇಲ್ಲಿ ಮುಖ್ಯ. ತಮಿಳುನಾಡಿನ ಪಂಚಾಯಿತಿ ಚುನಾವಣೆಯೊಂದರ ವ್ಯಾಜ್ಯದಲ್ಲಿ, ಗಂಭೀರ ಅಪರಾಧ ಪ್ರಕರಣಗಳನ್ನು ಮುಚ್ಚಿಡುವುದು ಭ್ರಷ್ಟಾಚರಣೆ ಎಂದು 2015ರಲ್ಲಿ ಬಂದ ತೀರ್ಪು, ಸ್ಥಳೀಯ ಸಂಸ್ಥೆಗಳಿಗೆ ಈ ಹಕ್ಕು ಅನ್ವಯಿಸದು ಎನ್ನುವವರಿಗೆ ನೇರ ಉತ್ತರ.

ವೆಚ್ಚದ ಪ್ರಶ್ನೆ ಇದಕ್ಕಿಂತ ಕಠಿಣ. ದಾವಣಗೆರೆಯ ನಿಟುವಳ್ಳಿ ಬಡಾವಣೆಯಲ್ಲಿ ಅಭ್ಯರ್ಥಿಯೊಬ್ಬನ ಸಭೆಗೆ ಪಕ್ಷವೇ ಶಾಮಿಯಾನ, ಮೈಕು, ಊಟದ ಖರ್ಚು ಕೊಟ್ಟರೆ ಅದು ಯಾರ ಲೆಕ್ಕಕ್ಕೆ ಸೇರಬೇಕು? ಅಭ್ಯರ್ಥಿಯ ಒಪ್ಪಿಗೆಯಿಂದ ಪಕ್ಷ ಮಾಡಿದ, ಅವನ ಪ್ರಚಾರಕ್ಕೆಂದೇ ಗುರುತಿಸಬಹುದಾದ ಖರ್ಚು ಅವನ ಲೆಕ್ಕಕ್ಕೇ ಸೇರಬೇಕೆಂದು ಸುಪ್ರೀಂ ಕೋರ್ಟ್ 1974ರ ಕನ್ವರ್‌ಲಾಲ್ ಗುಪ್ತ ಪ್ರಕರಣದಲ್ಲಿ ಹೇಳಿತು. ಅದೇ ವರ್ಷ ಸಂಸತ್ತು ಪ್ರಜಾಪ್ರತಿನಿಧಿತ್ವ ಕಾಯಿದೆಯ 77ನೇ ಕಲಮಿಗೆ, ಪಕ್ಷ ಮಾಡಿದ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ ಸೇರದು ಎಂಬ ವಿವರಣೆಯೊಂದನ್ನು ಸೇರಿಸಿ ಆ ತೀರ್ಪಿನ ಆಧಾರವನ್ನೇ ತೆಗೆಯಿತು. 2003ರ ತಿದ್ದುಪಡಿ ಆ ವಿನಾಯಿತಿಯನ್ನು ಬಹುಮಟ್ಟಿಗೆ ತಾರಾ ಪ್ರಚಾರಕರ, ಅಂದರೆ ಪಕ್ಷ ಪಟ್ಟಿಮಾಡಿ ಹೆಸರಿಸುವ ಪ್ರಮುಖ ನಾಯಕರ, ಪ್ರಯಾಣ ವೆಚ್ಚಕ್ಕೆ ಸೀಮಿತಗೊಳಿಸಿತು. ಆ ಕಾಯಿದೆ ಲೋಕಸಭೆ, ವಿಧಾನಸಭೆಗಳಿಗಾಗಿ ಬರೆದದ್ದು. ಆದ್ದರಿಂದ ನಗರಸಂಸ್ಥೆಗಳ ಕಾನೂನಿನಲ್ಲಿ ಪಕ್ಷದ ಖರ್ಚಿನ ಬಗ್ಗೆ ಸ್ಪಷ್ಟ ಮಾತಿದೆಯೇ ಎಂದು ಪದಪದವಾಗಿ ಪರಿಶೀಲಿಸಿ, ಇಲ್ಲದಿದ್ದರೆ ಅದನ್ನೇ ಬೇಡಿಕೆಯ ಕೇಂದ್ರವಾಗಿಸಿಕೊಳ್ಳಿ. ವೆಚ್ಚದ ಮಿತಿ ಎಷ್ಟು ಎಂಬ ಚರ್ಚೆಗಿಂತ ಇದು ಹೆಚ್ಚು ತುರ್ತಿನದೆಂದು ನನ್ನ ದೃಢ ಅಭಿಪ್ರಾಯ, ಏಕೆಂದರೆ ಪಕ್ಷದ ಹೆಸರಿನಲ್ಲಿ ಖರ್ಚು ತಪ್ಪಿಸಿಕೊಳ್ಳುವ ದಾರಿ ತೆರೆದಿದ್ದರೆ ಯಾವ ಮಿತಿಗೂ ಅರ್ಥವಿರುವುದಿಲ್ಲ.

ತಿದ್ದುಪಡಿಯ ಕರಡು ಬರೆಯುವಾಗ ಪ್ರಜಾಪ್ರತಿನಿಧಿತ್ವ ಕಾಯಿದೆಯ 33-ಬಿ ಕಲಮಿನ ಗತಿಯನ್ನು ನೆನಪಿಡಿ. ಯಾವ ತೀರ್ಪು ಏನೇ ಹೇಳಿದ್ದರೂ ಕಾಯಿದೆ ಕೇಳಿದ್ದನ್ನು ಬಿಟ್ಟು ಬೇರೆ ಮಾಹಿತಿಯನ್ನು ಅಭ್ಯರ್ಥಿ ಕೊಡಬೇಕಿಲ್ಲ ಎಂದಿದ್ದ ಆ ಕಲಮನ್ನು ಸುಪ್ರೀಂ ಕೋರ್ಟ್ 2003ರ ಮಾರ್ಚ್‌ನಲ್ಲಿ ರದ್ದುಪಡಿಸಿತು. ದಾನಿಯ ಹೆಸರು ಬಹಿರಂಗವಾಗದಂತೆ ಪಕ್ಷಗಳಿಗೆ ಹಣ ಕೊಡಲು ಬಿಡುತ್ತಿದ್ದ ಚುನಾವಣಾ ಬಾಂಡ್ ಯೋಜನೆಯೂ 2024ರ ಫೆಬ್ರವರಿ 15ರಂದು ಮತದಾರನ ಇದೇ ಹಕ್ಕಿನ ಮುಂದೆ ಬಿದ್ದುಹೋಯಿತು. ಆದಕಾರಣ ಹಣದ ಮೂಲವನ್ನು ಮರೆಮಾಚುವ ಯಾವ ವಾಕ್ಯವೂ ನಿಮ್ಮ ಕರಡಿನಲ್ಲಿ ನುಸುಳಬಾರದು.

ಕೊರತೆಯು ಅಭ್ಯರ್ಥಿ ಸಲ್ಲಿಸುವ ಪ್ರಮಾಣಪತ್ರದ ನಮೂನೆಯಲ್ಲಿದ್ದರೆ ರಾಜ್ಯ ಚುನಾವಣಾ ಆಯೋಗಕ್ಕೆ, ನಿಯಮದಲ್ಲಿದ್ದರೆ ನಗರಾಭಿವೃದ್ಧಿ ಇಲಾಖೆಗೆ ಬರೆಯಿರಿ. ಅಧಿನಿಯಮದಲ್ಲೇ ಇದ್ದರೆ ಇಲಾಖೆಯ ಜೊತೆಗೆ ನಿಮ್ಮ ಶಾಸಕರಿಗೂ ಕೊಡಿ, ಅವರು ಖಾಸಗಿ ಮಸೂದೆ ತರಬಹುದು. ಕಾನೂನು ಮಾಡೆಂದು ನ್ಯಾಯಾಲಯ ವಿಧಾನಮಂಡಲಕ್ಕೆ ಆಜ್ಞೆ ಮಾಡದು, ಹೀಗಾಗಿ ರಿಟ್ ಅರ್ಜಿಯೊಂದನ್ನೇ ನೆಚ್ಚಿಕೊಳ್ಳಬೇಡಿ. ಚುನಾವಣೆ ಘೋಷಣೆಯಾಗುವ ಬಹಳ ಮೊದಲೇ ಮನವಿ ಸಲ್ಲಿಸಿ, ಸ್ವೀಕೃತಿ ಪಡೆದು, ಈಗಿನ ಕಲಮು ಮತ್ತು ನೀವು ಸೂಚಿಸುವ ಕಲಮು ಅಕ್ಕಪಕ್ಕದಲ್ಲಿರುವ ಒಂದು ಪುಟವನ್ನು ಅದಕ್ಕೆ ಲಗತ್ತಿಸಿ.